ಅಕ್ಕನ ಕಲ್ಲು, ನನ್ನ ಬೆನ್ನು

ಸುತ್ತಿಗೆ ಒಬ್ಬರ ಕೈಲಿ, ಕಲ್ಲು ಇನ್ನೊಬ್ಬರ ಬೆನ್ನ ಮೇಲೆ, ಆದರೂ ಮನೆ ಕಟ್ಟುತ್ತಿಲ್ಲ. ಏನದು? ತಲೆ ಕೆಡಿಸಿಕೊಳ್ಳಬೇಡಿ, ಗೊತ್ತಾಗಲ್ಲ. ಅದು ನಮ್ಮಕ್ಕ ಮತ್ತು ನಾನು. ಅಕ್ಕ ಕಾಲೇಜಲ್ಲಿ ಭೂವಿಜ್ಞಾನ ಓದ್ತಾಳೆ. ಸೋಮವಾರದೊಳಗೆ ನಮ್ಮ ಕಡೆಯ ಕಲ್ಲು ಒಂದು ಚೀಲ ಆರಿಸಿ ತೋರಿಸದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸಲ್ವಂತೆ. ನಾನು ಹತ್ತನೇ ಕ್ಲಾಸಿಗೇ ಕೈ ಮುಗಿದೋನು, ಹಂಗಾಗಿ ಚೀಲ ನನ್ನ ಪಾಲು. ಸುಮ್ನೆ ಕಲ್ಲು ಆರಿಸ್ತೀವಿ ಅಂದ್ರೆ ಯಾರೂ ನಂಬಲ್ಲ. ಹೋದ ಕಡೆಯೆಲ್ಲ ಇದೇ ಗೋಳು.

ಮಧುಗಿರಿ

ಬೆಟ್ಟದ ಬುಡದಲ್ಲಿ ಅಕ್ಕ ಕುಟ್ತಾ ಇದ್ದಳು. ಕುರಿ ಮೇಯಿಸೋನು ಬಂದು ಮೆಲ್ಲಗೆ ಕೇಳಿದ: "ನಿಧಿ ಎಲ್ಲೈತೆ ಕಣಮ್ಮ?"

"ನಿಧಿ ಅಲ್ಲಣ್ಣ, ಬೆಣಚುಕಲ್ಲು."

"ಹಂಗೇ ಅನ್ಬೇಕು. ನಾನೂ ಯಾರ್ಗೂ ಹೇಳಲ್ಲ ಬುಡು."

ನನ್ನ ನಾಲಿಗೆ ಸುಮ್ನಿರಬೇಕಲ್ಲ, "ಆ ಹುಣಸೆಮರದ ಬುಡ" ಅಂದೆ. ಅವನು ಹಾರೆ ತಂದು ನನ್ನ ಕೈಗೇ ಕೊಟ್ಟ. "ಜಾಗ ತೋರ್ಸಿದೋನು ನೀನಲ್ವಾ, ಅಗಿ."

ಸಂಜೆವರೆಗೂ ಅಗೆದೆ. ನಿಧಿ ಸಿಗಲಿಲ್ಲ. ಅಕ್ಕನಿಗೆ ಒಳ್ಳೆ ಬೆಣಚುಕಲ್ಲು ಸಿಕ್ತು.

ಶಿರಾ

ಜಲ್ಲಿ ಒಡೆಯೋ ಕ್ರಷರ್ ಹತ್ರ ಹೋದ್ವಿ. ಸುತ್ತಿಗೆ ಹಿಡಿದ ಅಕ್ಕನ್ನ ಕಂಡು ಗಣಿ ಇಲಾಖೆಯೋರು ಅಂದ್ಕೊಂಡ್ರು. ಮಿಷನ್ ನಿಂತೋಯ್ತು, ಕೆಲಸದೋರು ಮಾಯ. ವಾಚ್‌ಮನ್ ಟೀ ಹಿಡ್ಕೊಂಡು ಬಂದ.

"ಅಂಕಲ್, ಒಂದೇ ಒಂದು ಕಲ್ಲು ತಗೊಳ್ಲಾ?"

ಹಿಂದೆ ಗುಡ್ಡದಷ್ಟು ಜಲ್ಲಿ ಇಟ್ಕೊಂಡು ಅವನಂದ: "ಕಲ್ಲಾ? ಇಲ್ಲೆಲ್ಲಿ ಮೇಡಂ ಕಲ್ಲು?"

ಕೊರಟಗೆರೆ

ಬೋರ್‌ವೆಲ್ ಪಾಯಿಂಟ್ ನೋಡೋರು ಅಂದ್ಕೊಂಡು ಊರೇ ಹಿಂದೆ ಬಿತ್ತು. ಬರೆಯೋಕೂ ಶಕ್ತಿ ಇಲ್ಲ.

ಪಾವಗಡ

ಇಲ್ಲಿ ಕುರಂದ ಅನ್ನೋ ಗಟ್ಟಿ ಕಲ್ಲು ಸಿಗುತ್ತಂತೆ. ಕಡ್ಲೆಕಾಯಿ ಹೊಲದಲ್ಲಿ ಬಗ್ಗಿದ್ದೇ ತಡ, ಯಜಮಾನ ಓಡಿ ಬಂದ. "ಎಂಡಲೋ ಎಂದುಕಮ್ಮಾ? ಬಿಸಿಲಲ್ಲಿ ಯಾಕೆ, ನೆರಳಿಗೆ ಬನ್ನಿ. ಸೋಲಾರ್‌ ಪಾರ್ಕಿಗೆ ಜಮೀನು ನೋಡೋರಲ್ವಾ? ನಮ್ಮ ಹೊಲಾನೂ ತಗೊಳ್ಳಿ, ಅರ್ಧ ಬರೀ ಕಲ್ಲು!"

"ನಮಗೆ ಬೇಕಿರೋದೇ ಕಲ್ಲು" ಅಂದಳು ಅಕ್ಕ. ಅವನಿಗೆ ಇನ್ನೂ ಖುಷಿ. ಚೀಲ ಬದುವಿನ ಮೇಲೆ, ಕಾವಲಿಗಿದ್ದ ಅವನ ತಾಯಿ ಹತ್ರ ಇಟ್ಟು ಮಜ್ಜಿಗೆ ಕುಡಿಯೋಕೆ ಹೋದ್ವಿ. ಬಂದು ನೋಡಿದ್ರೆ ಚೀಲ ಚಪ್ಪಟೆ.

"ಅಜ್ಜೀ, ಕಲ್ಲು?"

"ಕೋತಿ ಬಂದಿದ್ವು ಕಣಪ್ಪಾ, ಎಸೆದ್ಬುಟ್ಟೆ. ಕೈಯಳತೆಗೆ ಚೆಂದಾಗಿ ಆರಿಸ್ಕಂಡ್ ಬಂದಿದ್ಯಾ. ಇನ್ನೊಂದ್ ಚೀಲ ಐತಾ?"

ಅಕ್ಕ ಖಾಲಿ ಚೀಲ ಝಾಡಿಸಿ ನೋಡಿದಳು. ಆದರೂ ಸೋಮವಾರ ಮೇಷ್ಟ್ರು ಕಲ್ಲು ನೋಡಿ, "ಇಂಥ ಕಲೆಕ್ಷನ್ ನಮ್ಮ ಕಾಲೇಜಿಗೇ ಬಂದಿರಲಿಲ್ಲ ಕಣಮ್ಮ" ಅಂತ ಅವಳನ್ನ ಮೊದಲನೇ ಬೆಂಚಲ್ಲೇ ಪರೀಕ್ಷೆಗೆ ಕೂರಿಸಿದರು.

ಈ ಮೇಷ್ಟ್ರ ಮಾತು ಮಾತ್ರ ನಾನೇ ಕಟ್ಟಿದ್ದು. ಸೋಮವಾರ ಇನ್ನೂ ಬಂದೇ ಇಲ್ಲ. ಅಕ್ಕ ಅದೇ ಹೊಲದಲ್ಲಿ ಕಲ್ಲು ಹುಡುಕ್ತಾ ಅವಳೆ. ಒಂದು ಕಲ್ಲು ಮರದ ಮೇಲೆ ಕೋತಿ ಕೈಲೈತೆ. "ಲೇ, ಗೀಚಿದ್ದು ಸಾಕು ಕಣ್ಲಾ, ಮರ ಹತ್ತು" ಅಂತಾ ಅವಳೆ.