ಭಾಮೈದನಿಗೊಂದು ಸ್ಪಷ್ಟವಾದ ಫೋಟೋ

ನನ್ನ ಹತ್ತಿರ ಒಂದು ಕ್ಯಾಮೆರಾ ಇದೆ ಎಂಬುದು ನನ್ನ ಜೀವನದ ಬಹುದೊಡ್ಡ ಹೆಮ್ಮೆಯಾಗಿತ್ತು. ಅಂಗಿ ಜೇಬಿನಲ್ಲಿ ಕೂರುವ, ಗುಂಡಿ ಒತ್ತಿದರೆ ಝುಂಯ್ ಎಂದು ಮೂತಿ ಹೊರಗೆ ಚಾಚುವ ಬೆಳ್ಳಿ ಬಣ್ಣದ ಪುಟ್ಟ ಕ್ಯಾಮೆರಾ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅದು ನನ್ನ ಹೆಂಡತಿ ಗೀತಾಳ ರೇಷ್ಮೆ ಸೀರೆಗಳ ನಡುವೆ ನುಸಿಗುಳಿಗೆಯ ವಾಸನೆ ಕುಡಿಯುತ್ತ ಮಲಗಿತ್ತು. ಆದರೂ, "ಮೊಬೈಲಿನದೂ ಒಂದು ಫೋಟೋನಾ? ಕ್ಯಾಮೆರಾ ಅಂದರೆ ಕ್ಯಾಮೆರಾ!" ಎಂದು ಹಾಸನದ ನಮ್ಮ ಕಚೇರಿಯಲ್ಲಿ ಟೀ ಹೊತ್ತಿಗೆ ಭಾಷಣ ಬಿಗಿಯುವುದನ್ನು ನಾನು ಬಿಟ್ಟಿರಲಿಲ್ಲ.

ಗೀತಾಳ ತಮ್ಮ ಲೋಕೇಶ ಅರಕಲಗೂಡಿನಿಂದ ಕೊಣನೂರಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಶುಂಠಿ, ಜೋಳ ಬೆಳೆದುಕೊಂಡಿದ್ದಾನೆ. ಒಳ್ಳೆಯ ಹುಡುಗ, ದುಡಿಮೆಗಾರ. ಆದರೆ ಗಂಡು ಬೇಸಾಯ ಮಾಡುತ್ತಾನೆ ಎಂದ ಕೂಡಲೇ ಹೆಣ್ಣಿನ ಕಡೆಯವರು ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದು ಹೋಗುತ್ತಿದ್ದರು. ಲೋಕೇಶನ ಹಣೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಬಂದಂತೆ ನಮ್ಮತ್ತೆ ನಂಜಮ್ಮನವರಿಗೆ ನಿದ್ದೆ ಹಾರಿಹೋಗಿತ್ತು. ಅಂಥ ಹೊತ್ತಿನಲ್ಲಿ, ಸಂಬಂಧ ಕುದುರಿಸುವ ಪುಟ್ಟೇಗೌಡರು ಶಾಂತಿಗ್ರಾಮದ ಒಂದು ಹೆಣ್ಣಿನ ಸುದ್ದಿ ತಂದರು. ಹೆಸರು ಸುಮಾ, ಚನ್ನರಾಯಪಟ್ಟಣದ ಶಾಲೆಯೊಂದರಲ್ಲಿ ಟೀಚರ್. ಬೇಸಾಯಗಾರನಾದರೂ ಆಗಬಹುದು ಎಂದಿದ್ದಾಳೆ! ಷರತ್ತು ಒಂದೇ.

"ಮೊಬೈಲ್ ಫೋಟೋ ಬ್ಯಾಡ್ವಂತೆ ಸಾ," ಎಂದರು ಪುಟ್ಟೇಗೌಡರು. "ಇದ್ಕೆ ಮುಂಚೆ ಒಬ್ಬ ಫೋಟೋದಾಗೆ ಸೇಬಿನಣ್ಣಿನಂಗಿದ್ದೋನು ಮನೆಗೆ ಬಂದಾಗ ಬದ್ನೇಕಾಯಂಗಿದ್ನಂತೆ. ಬಣ್ಣ ಬಳಿಯೋ ಮೊಬೈಲೂ ಬ್ಯಾಡ, ಸ್ಟುಡಿಯೋನೂ ಬ್ಯಾಡ. ನಿಜವಾದ ಕ್ಯಾಮ್ರಾದಾಗೆ ತೆಗ್ದು ಕಳ್ಸಿ, ಮಕದ ಮ್ಯಾಲಿನ ಮಚ್ಚೆನೂ ಕಾಣ್ಬೇಕು ಅಂದವಳೆ."

"ನಾನಿದ್ದೀನಿ!" ಎಂದೆ. ನನ್ನನ್ನು ಯಾರೂ ಕೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಗೀತಾಳನ್ನೂ ಕ್ಯಾಮೆರಾವನ್ನೂ ಬೈಕಿನ ಮೇಲೆ ಕೂರಿಸಿಕೊಂಡು ಮಾವನ ಮನೆಗೆ ದಯಮಾಡಿಸಿದೆ. ಲೋಕೇಶ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು ಅಂಗಳದಲ್ಲಿ ಸಿದ್ಧನಾಗಿದ್ದ.

"ಅಲ್ಲಾಡ್ಬೇಡ ಲೋಕಿ!" ಎಂದು ಆಜ್ಞಾಪಿಸಿದೆ. ಅವನು ಅಲ್ಲಾಡಲಿಲ್ಲ. ಉಸಿರನ್ನೂ ಬಿಡಲಿಲ್ಲ. ನಾನು ಗುಂಡಿ ಹುಡುಕುವಷ್ಟರಲ್ಲಿ ಅವನ ಮುಖ ಕೆಂಪಾಗಿ, ಕಣ್ಣು ಹೊರಗೆ ಬರುವಂತಾಗಿತ್ತು. ಕ್ಲಿಕ್! ಅವನು ಅಲ್ಲಾಡಲಿಲ್ಲ ನಿಜ. ಅಲ್ಲಾಡಿದ್ದು ನಾನು. ಫೋಟೋದಲ್ಲಿ ಒಬ್ಬ ಲೋಕೇಶನ ಪಕ್ಕ ಇನ್ನೊಬ್ಬ ಲೋಕೇಶ ಅರ್ಧ ಹೊರಗೆ ಬಂದು ನಿಂತಿದ್ದ.

ಗೀತಾ ಬಗ್ಗಿ ನೋಡಿ, "ಅಲ್ಲಾ ರೀ, ಒಬ್ಬನಿಗೇ ಹೆಣ್ಣು ಸಿಗ್ತಿಲ್ಲ. ನೀವು ಇಬ್ಬರನ್ನ ಮಾಡಿ ನಿಲ್ಸಿದ್ದೀರಲ್ಲಾ!" ಎಂದಳು.

ತಪ್ಪು ನನ್ನದಲ್ಲ, ಲೆನ್ಸಿನದು ಎಂದು ತೀರ್ಮಾನಿಸಿ ಅದನ್ನು ಬೆರಳಿನಿಂದ ಚೆನ್ನಾಗಿ ಉಜ್ಜಿದೆ. ಆ ಬೆರಳು ಆಗತಾನೆ ಅಕ್ಕಿರೊಟ್ಟಿಯ ಮೇಲಿನ ಬೆಣ್ಣೆಯಿಂದ ಎದ್ದು ಬಂದಿತ್ತು. ಮುಂದಿನ ಫೋಟೋದಲ್ಲಿ ಲೋಕೇಶನ ತಲೆಯ ಸುತ್ತ ದೇವರಿಗಿರುವಂಥ ಪ್ರಭಾವಳಿ ಬೆಳಗುತ್ತಿತ್ತು. ಮುಖವೊಂದು ಬಿಟ್ಟು ಮಿಕ್ಕೆಲ್ಲ ದೈವಿಕವಾಗಿತ್ತು!

ಸೆರಗಿನ ತುದಿಯಿಂದ ಬೆಣ್ಣೆ ಒರೆಸುವ ಕೆಲಸವನ್ನು ಗೀತಾ ವಹಿಸಿಕೊಂಡಳು. ನಾನು ಕ್ಯಾಮೆರಾದ ಬೆನ್ನ ಮೇಲಿದ್ದ ಗುರುತುಗಳನ್ನು ಅಧ್ಯಯನ ಮಾಡಿದೆ. ಓಡುವ ಮನುಷ್ಯ, ಬೆಟ್ಟ, ಚಂದ್ರ, ಹೂವು. ಮದುವೆಯ ವಿಷಯವಾದ್ದರಿಂದ ಶುಭಸೂಚಕವಾಗಿರಲೆಂದು ಹೂವನ್ನು ಆರಿಸಿದೆ. ಹೂವಿನ ಗುರುತು ಮೂಗಿನ ಹತ್ತಿರ ಹಿಡಿದ ವಸ್ತುವನ್ನು ತೆಗೆಯಲು ಇರುವುದೆಂದು ನನಗೇನು ಗೊತ್ತು! ಹತ್ತು ಹೆಜ್ಜೆ ದೂರದ ಲೋಕೇಶ ಹಾಲಿನಲ್ಲಿ ನೆನೆದ ರಸ್ಕಿನ ಹಾಗೆ ಬಂದ.

"ಭಾವ, ಅರಕಲಗೂಡಿಂದ ಯಾರ್ನಾದ್ರೂ ಕರ್ಸನಾ?" ಎಂದ ಅವನು, ಬಲು ಮೆತ್ತಗೆ. ನನ್ನ ಮಾನಕ್ಕೆ ಚುಚ್ಚಿದಂತಾಯಿತು.

"ಕೂತ್ಕೋ ಸುಮ್ನೆ," ಎಂದು ಗದರಿ, ಕ್ಯಾಮೆರಾ ಕಲಿಯಲು ಮೊಬೈಲ್ ತೆಗೆದೆ. ಯಾರೋ ಪುಣ್ಯಾತ್ಮ ವಿಡಿಯೋದಲ್ಲಿ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದ. ಕ್ಯಾಮೆರಾವನ್ನು ಕೈಯಲ್ಲಿ ಹಿಡಿಯದೆ ಗಟ್ಟಿಯಾದ ಯಾವುದಾದರೂ ವಸ್ತುವಿನ ಮೇಲೆ ಇಡಿ. ನೆರಳಿದ್ದರೆ ಎದುರಿಗೆ ಬಿಳಿ ಬಟ್ಟೆ ಹಿಡಿದು ಮುಖಕ್ಕೆ ಬೆಳಕು ಹಾಯಿಸಿ. ಗುಂಡಿಯನ್ನು ಅರ್ಧ ಒತ್ತಿದರೆ ಪೀಂ ಎಂದು ಹಸಿರು ಚೌಕ ಬರುತ್ತದೆ, ಆಮೇಲೆ ಪೂರ್ತಿ ಒತ್ತಿ. ಆ ಚೌಕ ಎಲ್ಲಿ ಬರಬೇಕೆಂದು ಅವನು ಹೇಳುವಷ್ಟರಲ್ಲಿ ನನ್ನ ಡೇಟಾ ಮುಗಿಯಿತು. ತಿಳಿದದ್ದೇ ಸಾಕೆಂದು ಎದ್ದೆ.

ಹೊಂಗೆ ಮರದ ನೆರಳಲ್ಲಿ ಲೋಕೇಶನನ್ನು ನಿಲ್ಲಿಸಿದೆ. ಹಾಲಿನ ಕ್ಯಾನನ್ನು ಒರಳುಕಲ್ಲಿನ ಮೇಲೆ ಕೂರಿಸಿ, ಅದರ ಮೇಲೆ ಕ್ಯಾಮೆರಾ ಸ್ಥಾಪಿಸಿದೆ. "ಗೀತಾ, ಒಂದು ಬಿಳಿ ಬಟ್ಟೆ!" ಎಂದು ಕೂಗಿದೆ. "ಒಳಗೆ ಪೆಟ್ಟಿಗೇಲಿದೆ, ತರ್ತೀನಿ ಇರಿ," ಎಂದಳು. ಇರುವ ಜಾಯಮಾನ ನನ್ನದಲ್ಲ. ಬಿಸಿಲಿನಲ್ಲಿ ಒಂದು ಮಂಚ, ಮಂಚದ ಮೇಲೆ ಹಾಲಿನಂಥ ಬಿಳಿ ಪಂಚೆ, ಪಂಚೆಯ ಮೇಲೆ ಸಾಲಾಗಿ ಅಕ್ಕಿ ಸಂಡಿಗೆ. ಎರಡು ನಿಮಿಷದ ಕೆಲಸ ತಾನೆ, ಆಮೇಲೆ ಹರಡಿದರಾಯಿತು ಎಂದುಕೊಂಡು ಅಷ್ಟನ್ನೂ ಕೆರೆದು ಮಂಚದ ಮೂಲೆಗೆ ಗುಪ್ಪೆ ಹಾಕಿದೆ. ಅವು ಇನ್ನೂ ಹಸಿಯಾಗಿದ್ದವು. ಎಲ್ಲ ಒಟ್ಟಿಗೆ ಸೇರಿ ಒಂದೇ ಮಹಾ ಸಂಡಿಗೆಯಾಯಿತು. ಊರಿನ ಕೋಳಿಗಳಿಗೆ ಈ ಸುದ್ದಿ ಯಾರು ಮುಟ್ಟಿಸಿದರೋ ಕಾಣೆ!

ಪಂಚೆಯನ್ನು ಬೈಕಿನ ಮೇಲೆ ಹರವಿದೆ. ಆಹಾ, ಬೆಳಕು ಬಿತ್ತು! ಲೋಕೇಶನ ಮುಖ ಮಿರಮಿರ ಮಿಂಚಿತು. ಅರ್ಧ ಗುಂಡಿ ಒತ್ತಿದೆ.

ಈಗ ನಮ್ಮತ್ತೆಯವರ ವಿಷಯ ಹೇಳಬೇಕು. ನನ್ನ ಮದುವೆಯಾದಾಗಿನಿಂದ ಆ ತಾಯಿ ನನ್ನ ಎದುರಿಗೆ ನಿಂತು ಮಾತಾಡಿದವರಲ್ಲ. ಬಾಗಿಲ ಮರೆಯಲ್ಲಿ ನಿಂತು, ಸೆರಗು ಎಳೆದುಕೊಂಡು, "ಅಳಿಯಂದ್ರು ಊಟಕ್ಕೆ ಏಳ್ಬೇಕಂತೆ," ಎಂದು ಗೋಡೆಗೆ ಹೇಳುತ್ತಿದ್ದರು. ಅವರು ಆ ಗಳಿಗೆಯಲ್ಲಿ ಲೋಕೇಶನ ಬೆನ್ನ ಹಿಂದಿದ್ದ ಕೊಟ್ಟಿಗೆಯಿಂದ ಕಸ ಗುಡಿಸುವ ಪೊರಕೆ ಹಿಡಿದು ಹೊರಗೆ ಬಂದರು. ಮಂಚ ನೋಡಿದರು. ಕೋಳಿ ನೋಡಿದರು. ನನ್ನನ್ನು ನೋಡಿದರು.

"ಅಯ್ಯೋ ನಿಮ್ಮ ಕೈ ಸೇದೋಗ! ಕಣ್ಣಿಗೇನು ಮಣ್ಣಾಕ್ಕಂಡಿದ್ದೀರಾ? ಹೆಣ್ಣಿನ ಕಡೆಯೋರು ಬಂದ್ರೆ ಇರ್ಲಿ ಅಂತ ಬೆಳಗಿಂಜಾವ ಎದ್ದು ಇಟ್ಟ ಸಂಡಿಗೆ ಕಣ್ರೀ ಅದು! ಕೋಳಿಗಾಕ್ಬುಟ್ರಲ್ಲಾ! ನಿಮಗೆ ಬುದ್ಧಿ ಅನ್ನೋದು ಯಾವಾಗ ಬತ್ತದೆ?"

ಪೊರಕೆ ಆಕಾಶಕ್ಕೆ ಏರಿತ್ತು. ಅಳಿಯನೆಂಬ ಮರ್ಯಾದೆಗೆ ಬೈಗುಳದಲ್ಲೂ ಬಹುವಚನ ಬಿಟ್ಟಿರಲಿಲ್ಲ. ಪೀಂ ಎಂದಿತು. ಹಸಿರು ಚೌಕ ಬಂತು. ಹೆದರಿಕೆಗೆ ನನ್ನ ಬೆರಳು ತಾನಾಗಿಯೇ ಗುಂಡಿಯನ್ನು ಅದುಮಿತು.

ಮರುಕ್ಷಣವೇ ಅತ್ತೆ ನಾಲಿಗೆ ಕಚ್ಚಿಕೊಂಡು ಒಳಗೆ ಓಡಿದರು. ನಾನು ಕ್ಯಾಮೆರಾದ ಪರದೆ ನೋಡಿದೆ. ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಲೋಕೇಶನ ಬಿಳಿ ಅಂಗಿ ಝಗಝಗಿಸುತ್ತಿತ್ತು.

"ದೊಡ್ಡದು ಮಾಡಿ ನೋಡ್ರೀ," ಎಂದಳು ಗೀತಾ.

"ಹಸಿರು ಚೌಕ ಬಂದ ಮೇಲೆ ನೋಡೋದೇನೇ?" ಎಂದು ಅವಳ ಅಜ್ಞಾನಕ್ಕೆ ಮರುಗಿ, ಅರಕಲಗೂಡಿನ ಜೆರಾಕ್ಸ್ ಅಂಗಡಿಗೆ ಬೈಕ್ ಓಡಿಸಿ, ಕ್ಯಾಮೆರಾದ ಕಾರ್ಡಿನಿಂದ ಆ ಫೋಟೋ ತೆಗೆಸಿ, ಅಂಗಡಿಯ ಕಂಪ್ಯೂಟರಿನಿಂದಲೇ ಪುಟ್ಟೇಗೌಡರ ಮೊಬೈಲಿಗೆ ಕಳಿಸಿಯೇಬಿಟ್ಟೆ. ಅವರು ಅದನ್ನು ನೋಡುವ ಮೊದಲೇ ಶಾಂತಿಗ್ರಾಮಕ್ಕೆ ದಾಟಿಸಿಬಿಟ್ಟಿದ್ದರು.

ಸಂಜೆ ಅವರ ಫೋನು ಬಂತು. ಎಲ್ಲರೂ ಹೊಗಳಿಕೆ ಕೇಳಲೆಂದು ಸ್ಪೀಕರ್ ಹಾಕಿದೆ.

"ಸಾ, ಈ ಫೋಟೋದಾಗೆ ಗಂಡು ಯಾರು?"

"ಮುಂದೆ ನಿಂತಿದಾನಲ್ಲ ಗೌಡ್ರೇ!"

"ಮುಂದೆ ಏನೋ ಬಿಳೀದು ಕಾಣ್ತದೆ, ದೆವ್ವದಂಗೆ. ಅದ್ರ ಇಂದೆ ಒಬ್ರು ಯಮ್ಮ ಪೊರಕೆ ಎತ್ಕಂಡು ನಿಂತವ್ರಲ್ಲಾ, ಅವ್ರು ಮಾತ್ರ ಏನು ಚೆಂದಾಗಿ ಬಂದವ್ರೆ ಸಾ! ಬಾಯೊಳಗಿನ ದವಡೆ ಹಲ್ಲೂ ಎಣುಸ್ಬೌದು! ಹೆಣ್ಣಿನೋರು ಕೇಳ್ತಾವ್ರೆ, ಅತ್ತೆ ಅವ್ರೇನಾ ಅಂತ."

ಆ ಹಸಿರು ಚೌಕ ಕೂತದ್ದು ಅತ್ತೆಯವರ ಮುಖದ ಮೇಲೆ! ಯಂತ್ರಕ್ಕೆ ಒಂದು ಮುಖ ಬೇಕಿತ್ತು. ಉಸಿರು ಬಿಗಿಹಿಡಿದು ಕಲ್ಲಾಗಿ ನಿಂತವನ ಮುಖಕ್ಕಿಂತ, ಜೀವ ತುಂಬಿ ಕಿರುಚುತ್ತಿದ್ದ ಮುಖ ಅದಕ್ಕೆ ಮೆಚ್ಚಿಗೆಯಾಗಿತ್ತು!

ಗೀತಾ ನನ್ನ ಜೊತೆ ಮಾತು ಬಿಟ್ಟಳು. ಲೋಕೇಶ ಕ್ಯಾನ್ ಎತ್ತಿಕೊಂಡು ಹಾಲು ಕರೆಯಲು ಹೋದ. ಇಬ್ಬರದನ್ನೂ ತಡೆದುಕೊಳ್ಳಬಹುದಿತ್ತು. ಆದರೆ ಅಡುಗೆಮನೆಯಿಂದ ಅತ್ತೆ, "ನನ್ನ ಬಾಯಿಂದ್ಲೇ ನನ್ನ ಮಗನ ಮದ್ವೆ ಕೆಟ್ಟೋಯ್ತಲ್ಲವ್ವಾ," ಎಂದು ಬಿಕ್ಕುವುದು ಕೇಳಿಸಿತು. ತಪ್ಪೆಲ್ಲ ನನ್ನದು, ಅಳು ಅವರದು. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. "ಅತ್ತೆ, ನಾನೇ ಶಾಂತಿಗ್ರಾಮಕ್ಕೆ ಹೋಗಿ ಕೈಮುಗಿದು ಹೇಳ್ತೀನಿ," ಎಂದೆ. "ಅಳಿಯಂದ್ರು ಇನ್ನೇನೂ ಮಾಡದಿದ್ರೆ ಸಾಕಂತೆ," ಎಂದರು ಗೋಡೆಗೆ.

ನಾನು ಹೋಗುವ ಮೊದಲೇ ಅವರು ಬಂದರು! ಮುಂದಿನ ಭಾನುವಾರ ಸುಮಾ, ಅವಳ ತಂದೆ ತಾಯಿ, ಅಜ್ಜಿ, ಎಲ್ಲರೂ ಕಾರಿನಿಂದ ಇಳಿದರು. ನಾನು ಎಲ್ಲರಿಗಿಂತ ಹಿಂದೆ, ಕಂಬದ ಮರೆಯಲ್ಲಿ ನಿಂತೆ. ಕಾಫಿ ಕೊಟ್ಟಾದ ಮೇಲೆ ಸುಮಾ ನೇರವಾಗಿ ಅತ್ತೆಯವರನ್ನೇ ಕೇಳಿದಳು.

"ಅತ್ತೆ, ಅವತ್ತು ಯಾರಿಗೆ ಬೈತಿದ್ರಿ?"

ಅತ್ತೆ ತಲೆ ತಗ್ಗಿಸಿದರು. ಸುಳ್ಳು ಹೇಳಿ ಗೊತ್ತಿಲ್ಲದ ಲೋಕೇಶ ಕಂಬದ ಕಡೆ ಕೈ ತೋರಿಸಿ, "ನಮ್ ಭಾವಂಗೆ. ಸಂಡಿಗೆ ಕೋಳಿಗಾಕ್ಬುಟ್ರು," ಎಂದ.

"ಅಳಿಯಂಗಾ!" ಎಂದು ಅಜ್ಜಿ ಕಣ್ಣಗಲಿಸಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಲೇ ಸುಮಾ, ಕೇಳುದ್ಯಾ? ಅಳಿಯಂಗೇ ಮಕದ ಮ್ಯಾಲೆ ಅಂದ್ಬುಡೋ ಯಮ್ಮ, ಸೊಸೆ ಬೆನ್ನಿಂದೆ ಏನೂ ಆಡ್ಕಳಾಕಿಲ್ಲ ಕಣ. ಒಳಗೊಂದು ಹೊರಗೊಂದು ಇಲ್ಲ ಇವ್ರಿಗೆ."

"ಅದಕ್ಕೇ ಅಜ್ಜಿ, ನಾನು ಬಂದಿದ್ದು," ಎಂದಳು ಸುಮಾ. "ಇಷ್ಟು ಫೋಟೋ ನೋಡಿದೀನಿ, ಎಲ್ಲರ ಮನೇಲೂ ಎಲ್ಲರೂ ನಗ್ತಾನೇ ಇರ್ತಾರೆ. ನಿಜವಾಗಿ ಬದುಕ್ತಿರೋರು ಕಂಡಿದ್ದು ಇದೊಂದರಲ್ಲೇ." ಆಮೇಲೆ ಲೋಕೇಶನ ಕಡೆ ತಿರುಗಿ, "ನಿಮ್ಮ ಮುಖ ಫೋಟೋದಲ್ಲಿ ಕಾಣಲಿಲ್ಲ. ಈಗ ನೋಡಿದೆ, ಪರವಾಗಿಲ್ಲ," ಎಂದಳು. ಲೋಕೇಶನ ಕಿವಿ ಕೆಂಪಾದವು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು, ನನಗೂ ಕಣ್ಣು ತೇವವಾಯಿತು.

ನಿಶ್ಚಿತಾರ್ಥ ಶಾಂತಿಗ್ರಾಮದಲ್ಲಿ ನಡೆಯಿತು. ಎಲ್ಲ ನನ್ನ ಫೋಟೋದ ಪ್ರತಾಪ ಎಂದು ಒಳಗೊಳಗೇ ಬೀಗುತ್ತ, ಹೊಸ ಅಂಗಿ ತೊಟ್ಟು ಊಟದ ಸಾಲಿನಲ್ಲಿ ಕೂತಿದ್ದೆ. ನಾನೆಂದೂ ಕಾಣದ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ಕೂತರು. ನನ್ನನ್ನು ದಿಟ್ಟಿಸಿದರು. ಮೊಬೈಲ್ ತೆಗೆದು ಅತ್ತೆಯವರ ಫೋಟೋವನ್ನು ಹಿಗ್ಗಿಸಿ ನೋಡಿದರು. ಮತ್ತೆ ನನ್ನನ್ನು ದಿಟ್ಟಿಸಿದರು.

"ಈ ಯಮ್ಮನ ಎದುರ್ಗೆ ನಿಂತಿದ್ದೋರು ನೀವೇ ಅಲ್ವಾ?"

ನನಗೆ ಪರಮಾಶ್ಚರ್ಯವಾಯಿತು. "ಹೌದು! ನಾನು ಫೋಟೋದಲ್ಲೇ ಇಲ್ಲವಲ್ಲ, ಹೇಗೆ ಗೊತ್ತಾಯ್ತು?"

"ಆ ಯಮ್ಮನ ಮಕ ನೋಡುದ್ರೆ ಗೊತ್ತಾಗಾಕಿಲ್ವಾ ಸಾ, ಎದುರ್ಗೆ ಎಂಥೋರು ನಿಂತವ್ರೆ ಅಂತ!" ಎಂದು ಅವರು ಎಲೆಗೆ ನೀರು ಚಿಮುಕಿಸಿಕೊಂಡರು.

ಆ ಕ್ಯಾಮೆರಾದಲ್ಲಿ ನಾನು ಇದುವರೆಗೆ ತೆಗೆದ ಅಷ್ಟೂ ಫೋಟೋಗಳಲ್ಲಿ ಅಷ್ಟು ಸ್ಪಷ್ಟವಾಗಿ ಮೂಡಿಬಂದವನು ನಾನೊಬ್ಬನೇ. ಅದೂ ಫೋಟೋದಲ್ಲಿ ಇಲ್ಲದೆ!