ತುಳಸಮ್ಮನ ಹೆಸರಿಗೆ ಒಂಬತ್ತು ಸಾವಿರ

ವರದರಾಜನ ಅಂಗಡಿಗೆ ಕೆಟ್ಟ ಹೆಸರು ತಂದದ್ದು ಒಂದು ಗ್ರಾಫಿಕ್ಸ್ ಕಾರ್ಡು. ಚಾಮರಾಜಪೇಟೆಯಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವ ಅವನು, "ವೇಗದ ಪರೀಕ್ಷೇಲಿ ಒಂಬತ್ತು ಸಾವಿರ ಅಂಕ ತಗೊಂಡಿದೆ ಸಾರ್" ಎಂದು ಹೊಗಳಿ, ಎದುರುಮನೆಯ ನಿವೃತ್ತ ಮೇಷ್ಟ್ರು ಬದರೀನಾರಾಯಣರ ಮೊಮ್ಮಗಳು ತನ್ಮಯಿಗೆ ಅದನ್ನು ಕೊಡಿಸಿದ್ದ. ಮನೆಯಲ್ಲಿ ಅವಳ ಕಂಪ್ಯೂಟರ್ ಆಟ ಹಬ್ಬದೂಟ ಮುಗಿಸಿದ ಬೀಗರಂತೆ ತೂಕಡಿಸಿತು. ಮೇಷ್ಟ್ರು ವಾಕಿಂಗಿನಲ್ಲಿ ಸಿಕ್ಕವರಿಗೆಲ್ಲ "ವರದರಾಜ ಸುಳ್ಳುಗಾರ" ಎಂದು ಸಾರಿದರು. ಅಂಗಡಿಗೆ ಗಿರಾಕಿ ಬರುವುದೇ ನಿಂತಿತು.

ವರದರಾಜ ತಲೆ ಕೆಡಿಸಿಕೊಂಡು ಹುಡುಕಿದ. ತೆರೆಯ ಮೇಲೆ ಚಿತ್ರ ಬಿಡಿಸುವ ಆ ಕಾರ್ಡನ್ನು ನಡೆಸಲು ಅದರ ಕಂಪನಿಯೇ ಕೊಡುವ ಡ್ರೈವರ್ ಎಂಬ ತಂತ್ರಾಂಶಕ್ಕೆ ಆ ಪರೀಕ್ಷೆಯ ಹೆಸರು ಗೊತ್ತು. ಹೆಸರು ಕಂಡೊಡನೆ ಚಿತ್ರಗಳನ್ನು ಅರ್ಧಂಬರ್ಧ ಬಿಡಿಸಿ ಓಡುತ್ತಿತ್ತು, ಇನ್‌ಸ್ಪೆಕ್ಟರ್ ಬಂದ ದಿನ ಮಾತ್ರ ಶಿಸ್ತಾಗುವ ಶಾಲೆಯ ಹಾಗೆ. ಅದೇ ಹೊತ್ತಿಗೆ ಮೇಷ್ಟ್ರ ಹೆಂಡತಿ ತುಳಸಮ್ಮ, ಗಂಡ ಆಡಿದ ಮಾತಿಗೆ ಪ್ರಾಯಶ್ಚಿತ್ತವೆಂಬಂತೆ ಹುಳಿಪುಡಿ ತಂದರು. ಯಾವ ಕಂಪನಿಗೂ ಗೊತ್ತಿರಲಾರದೆಂದು ವರದರಾಜ ಅವರ ಹೆಸರನ್ನೇ ಅದೇ ಪರೀಕ್ಷೆಗೆ ಇಟ್ಟು ಓಡಿಸಿದ. ಅಂಕ ಆರು ಸಾವಿರಕ್ಕೆ ಬಿತ್ತು.

"ಇವತ್ತೇ ಆ ಕಂಪನೀನ ಬೀದಿಗೆಳೀತೀನಿ ಅಮ್ಮ!"

"ತಾಳಪ್ಪ. ನಮ್ಮನೆಯವ್ರು ನಿನ್ನ ಕೇಳ್ದೆ ಊರಿಗೆಲ್ಲ ಹೇಳಿದ್ರು ಅಂತ ತಾನೇ ನಿಂಗೆ ಸಂಕಟ? ನೀನೂ ಅದನ್ನೇ ಮಾಡ್ತೀಯ? ಏನೇನು ಮಾಡಿ ನೋಡ್ದೆ ಅಂತ ಮೊದ್ಲು ಅವ್ರಿಗೆ ಬರಿ. ಒಂದಿಷ್ಟು ದಿನ ಕೊಡು. ಆಮೇಲೆ ಎಲ್ಲರ ಎದುರಿಗೆ ತೋರ್ಸು."

ನ್ಯಾಯವಾದ ಮಾತು. ವರದರಾಜ ಒಂದಕ್ಷರ ಬಿಡದೆ ಕಂಪನಿಗೆ ಬರೆದ; ಎರಡು ವಾರ ಬಿಟ್ಟು ಬರುವ ಭಾನುವಾರ ಎಲ್ಲರೆದುರು ತೋರಿಸುವೆನೆಂದೂ ಸೇರಿಸಿದ. ಉತ್ತರ ಬರಲಿಲ್ಲ.

ಹೇಳಿದ ಭಾನುವಾರ ಬಂತು. ಕಂಪ್ಯೂಟರು ಬೆಳಿಗ್ಗೆ ತನ್ನಷ್ಟಕ್ಕೆ ಹೊಸ ಡ್ರೈವರ್ ಹಾಕಿಕೊಂಡದ್ದನ್ನು ಅವನು ಗಮನಿಸಲಿಲ್ಲ. ಅಂಗಡಿ ಮುಂದೆ ಮೇಷ್ಟ್ರು, ಅವರ ಮನೆಯವರು, ಪಕ್ಕದ ಟೈಲರ್ ಪ್ರಭುದೇವ, ತರಕಾರಿ ಗಾಡಿ ನಿಲ್ಲಿಸಿ ಬಂದ ಚಿಕ್ಕಮುನಿಯಮ್ಮ, ಎಲ್ಲರೂ ಸೇರಿದರು.

"ಹಳೇ ಹೆಸ್ರಲ್ಲಿ ಒಂಬತ್ತು ಸಾವಿರ. ಈಗ ಅಮ್ಮನ ಹೆಸ್ರಲ್ಲಿ ನೋಡಿ."

ಒಂಬತ್ತು ಸಾವಿರದ ಇನ್ನೂರು.

"ಜಾಸ್ತೀನೇ ಬಂತಲ್ಲೋ!" ಎಂದರು ಮೇಷ್ಟ್ರು.

ವರದರಾಜ ಡ್ರೈವರಿನ ತಾರೀಖು ತೆರೆದು ನೋಡಿದ. ಇವತ್ತು ಬೆಳಿಗ್ಗೆಯದು. "ಸಾರ್, ನಾನು ಬರೆದಿದ್ದು ಓದ್ಕೊಂಡು ಅವ್ರು ಅಮ್ಮನ ಹೆಸ್ರನ್ನೂ ಡ್ರೈವರ್‌ಗೆ ಕಲಿಸ್ಬಿಟ್ಟಿದಾರೆ!"

"ಎಲ್ಲಿ ಕಂಪನಿ, ಎಲ್ಲಿ ನಮ್ಮ ತುಳಸಿ? ರೀಲು ಬಿಡ್ಬೇಡ."

"ವರದಣ್ಣ, ಮಜ್ಜಿಗೆ ತರಿಸ್ಲಾ?" ಎಂದ ಪ್ರಭುದೇವ.

"ಬೇರೆ ಹೆಸ್ರು ಹಾಕ್ತೀನಿ. ನಿಮ್ದೇ ಹಾಕ್ತೀನಿ ಸಾರ್!" ವರದರಾಜ 'ಬದರೀನಾರಾಯಣ' ಎಂದು ಒತ್ತಿದ. ಐದು ಸಾವಿರದ ಒಂಬೈನೂರು! "ನೋಡಿದ್ರಾ? ಸಿಕ್ಕಿಬಿದ್ದ ಕಳ್ಳ!" ಎಂದು ಕುಣಿದ.

ಯಾರೂ ಕುಣಿಯಲಿಲ್ಲ. ಮೇಷ್ಟ್ರ ಕಿವಿ ಕೆಂಪಾಗಿತ್ತು. "ಅವಳಿಗೆ ಒಂಬತ್ತು ಸಾವಿರ. ನಂಗೆ ಆರೂ ಇಲ್ವಾ?"

"ಅಮ್ಮೋರ ಕೈ ಯಾವತ್ತೂ ಮೇಲೇ ಸ್ವಾಮಿ, ಬೀದಿಗೆಲ್ಲ ಗೊತ್ತು" ಎಂದಳು ಚಿಕ್ಕಮುನಿಯಮ್ಮ.

"ವಿಷಯ ಅದಲ್ಲ, ಮೋಸ..." ಎಂದ ವರದರಾಜ. ಕೇಳುವವರಿಲ್ಲ. ಪ್ರಭುದೇವ ತನ್ನ ಹೆಸರು ಹಾಕಿಸಿದ. ಆರು ಸಾವಿರದ ನೂರು ಬಂತು. ಮೇಷ್ಟ್ರನ್ನು ಮೀರಿಸಿದ್ದಕ್ಕೆ ಕಾಲರು ಸರಿಮಾಡಿಕೊಂಡ.

"ತನ್ಮಯಿ ಆಟಕ್ಕೂ ನನ್ನ ಹೆಸ್ರೇ ಇಟ್ಬಿಡಪ್ಪ, ಓಡ್ಲಿ" ಎಂದರು ತುಳಸಮ್ಮ ಸಮಾಧಾನವಾಗಿ.

ಮೇಷ್ಟ್ರು ಕುರ್ಚಿ ಮುಂದಕ್ಕೆಳೆದರು. "ವರದರಾಜ, ಬರಿ ಕಂಪನಿಗೆ. ನನ್ನ ಹೆಸ್ರೂ ಕಲಿಸ್ಬೇಕು. ಹತ್ತು ಸಾವಿರಕ್ಕೆ ಕಮ್ಮಿ ಇರ್ಕೂಡ್ದು. ಅಲ್ಲೀವರೆಗೂ ನೀನು ಸುಳ್ಳುಗಾರನೇ."

ಗಿರಾಕಿಯಿಲ್ಲದ ಅಂಗಡಿಯನ್ನೊಮ್ಮೆ ನೋಡಿ ವರದರಾಜ ಕೀಬೋರ್ಡ್ ಎಳೆದುಕೊಂಡ: 'ಮಾನ್ಯರೇ, ತಾವು ಮಾಡುತ್ತಿರುವ ಮೋಸವನ್ನು ದಯವಿಟ್ಟು ಇನ್ನೊಬ್ಬರಿಗೂ ವಿಸ್ತರಿಸಬೇಕಾಗಿ ವಿನಂತಿ.'

"ಇನ್ನಿಬ್ರಿಗೆ ಅಂತ ಬರಿಯಪ್ಪ" ಎಂದಳು ಹಿಂದಿನಿಂದ ಚಿಕ್ಕಮುನಿಯಮ್ಮ.