ಹನ್ನೊಂದರಲ್ಲಿ ನಾನಿಲ್ಲ

ನಮ್ಮ ಪಕ್ಕದ ಮನೆ ತಾತನನ್ನ ಕೆಲಸದಿಂದ ತೆಗೆಯದ ದೇಶ ಇನ್ನೂ ಹುಟ್ಟಿಲ್ಲ! ಹುಟ್ಟಿದರೂ ಅರ್ಜಿ ಹಾಕಿ, ಹೋಗಿ, ತೆಗೆಸಿಕೊಂಡು ಬರ್ತಾರೆ.

ಊರು ಸ್ಕಾಟ್ಲೆಂಡ್. ಹರೆಯದಲ್ಲಿ ಫುಟ್‌ಬಾಲ್ ಆಡ್ತಿದ್ದರಂತೆ. ಚೆಂಡಿಗಿಂತ ಎದುರಾಳಿಗಳ ಮೊಣಕಾಲಿಗೇ ಹೆಚ್ಚು ಒದ್ದಿದ್ದಾರೆ ಅಂತ ನನ್ನ ಗುಮಾನಿ. ಮಂಡಿ ಸವೆದ ಮೇಲೆ ಫುಟ್‌ಬಾಲ್ ಟೀಮುಗಳ ಮ್ಯಾನೇಜರ್ ಆಗಿ ದೇಶ ಸುತ್ತಿದರು. ಸೈಪ್ರಸ್‌ನಲ್ಲಿ ಒಂದು ಸೀಸನ್, ಕುವೈತ್‌ನಲ್ಲಿ ಅರ್ಧ, ಫಿನ್‌ಲೆಂಡ್‌ನಲ್ಲಿ ಹಿಮ ಕರಗೋವರೆಗೆ. ಕೊನೆಗೆ ಐರ್ಲೆಂಡಿನ ಯಾವುದೋ ಸಣ್ಣ ಕ್ಲಬ್ಬೂ ತೆಗೀತು. ಮತ್ತೆ ಪೆಟ್ಟಿಗೆ ಕಟ್ಟೋಕೆ ಬೇಜಾರಾಗಿ ಇಲ್ಲೇ ಬ್ಲಾಂಚರ್ಡ್ಸ್‌ಟೌನಿನಲ್ಲಿ, ನಮ್ಮ ಕರ್ಮಕ್ಕೆ, ನಮ್ಮ ಗೋಡೆಗೆ ಅಂಟಿಕೊಂಡೇ ಉಳಿದರು.

ಲಾಕ್‌ಡೌನ್ ಬಂತು. ಎಪ್ಪತ್ತು ದಾಟಿದವರು ಮನೆಯೊಳಗೇ ಇರಬೇಕು ಅಂತ ಸರ್ಕಾರ ಹೇಳಿದ ದಿನವೇ ಇವರ ವಯಸ್ಸು ಅರವತ್ತೊಂಬತ್ತಕ್ಕೆ ಇಳೀತು! ಮನೆ ಮುಂದೆ ಸೀಮೆಸುಣ್ಣದಲ್ಲಿ ಚೌಕ ಬರೆದು, ಮೈದಾನದ ಅಂಚಲ್ಲಿ ಮ್ಯಾನೇಜರುಗಳು ನಿಲ್ಲೋ ಹಾಗೆ ಸೂಟು ಟೈ ಹಾಕ್ಕೊಂಡು ಅದರೊಳಗೆ ನಿಂತರು. ಇಡೀ ಬೀದಿಯೇ ಇವರ ಟೀಮು. ಶನಿವಾರ ಮೂರು ಗಂಟೆಗೆ ಇವರು ಆರಿಸಿದವರೆಲ್ಲ ತಮ್ಮತಮ್ಮ ಗೇಟಿನೊಳಗೇ ಆಟ ಅಂತ ಕುಣಿಯಬೇಕು, ಇವರು ಚೌಕದೊಳಗಿಂದ ಬಯ್ಯಬೇಕು. ಶುಕ್ರವಾರ ಇವರ ಕಿಟಕಿಗೆ ಹನ್ನೊಂದು ಜನರ ಪಟ್ಟಿ. ನನ್ನ ಏಳು ವರ್ಷದ ಮಗಳು ಸ್ಟ್ರೈಕರ್. ಹೆಂಡತಿ ಕ್ಯಾಪ್ಟನ್, ಗಂಟಲು ಚೆನ್ನಾಗಿದೆಯಂತೆ. ನಾನು? ನಾನಿಲ್ಲ!

ಅದನ್ನ ಪಟ್ಟಿ ನೋಡಿ ತಿಳ್ಕೊಳ್ಳೋ ಭಾಗ್ಯವೂ ನನಗಿಲ್ಲ. ಪ್ರತಿ ಗುರುವಾರ ಸಂಜೆ ಬೆಲ್ ಒತ್ತಿ, ಎರಡು ಮೀಟರ್ ಹಿಂದೆ ಸರಿದು, ಟೋಪಿ ತೆಗೆದು, ಸಾವಿನ ಮನೆಗೆ ಬಂದವರ ಮುಖ ಮಾಡ್ಕೊಂಡು ಹೇಳ್ತಾರೆ: “ಸಾರಿ ಮಗನೇ, ಈ ವಾರ ನೀನಿಲ್ಲ.” ಅವರ ಸ್ಕಾಟಿಷ್ ಇಂಗ್ಲಿಷ್ ನನಗೆಲ್ಲಿ ಅರ್ಥವಾಗಬೇಕು? ಐರಿಶ್ ನಾಲಿಗೆಯ ಮಗಳೇ ದುಭಾಷಿ. “ಅಪ್ಪಾ, ಯು ಆರ್ ಡ್ರಾಪ್ಡ್ ಅಗೇನ್!” ಅಂತ ಖುಷಿಯಾಗಿ ಕೂಗ್ತಾಳೆ. ನಾನು ಇಲ್ಲಿಯವರ ಹಾಗೆ “ಗ್ರ್ಯಾಂಡ್, ಗ್ರ್ಯಾಂಡ್” ಅಂತೀನಿ, ಅಂದ್ರೆ ‘ಪರವಾಗಿಲ್ಲ ಬಿಡಿ’ ಅಂತ.

ಒಂದು ಸಲ ರೇಗಿತು. “ಇಷ್ಟು ಹೇಳೋಕೆ ಟೈ ಕಟ್ಕೊಂಡು ಬರಬೇಕಾ? ವಾಟ್ಸಾಪ್ ಹಾಕಿ, ಸಾಕು!”

“ಕೈಬಿಡೋನು ಮುಖ ನೋಡಿ ಹೇಳಬೇಕು,” ಅಂತ ಮಗಳ ಬಾಯಲ್ಲಿ ಹೇಳಿಸಿದರು. “ನನಗೆ ಯಾರೂ ಹಾಗೆ ಹೇಳಲಿಲ್ಲ. ಸೈಪ್ರಸ್‌ನಲ್ಲಿ ಫ್ಯಾಕ್ಸ್ ಬಂತು. ಕುವೈತ್‌ನಲ್ಲಿ ಟ್ಯಾಕ್ಸಿ ಡ್ರೈವರ್ ಹೇಳಿದ.”

ಟ್ಯಾಕ್ಸಿ ಡ್ರೈವರ್! ಬಾಗಿಲು ಹಾಕ್ಕೊಂಡು ಹೊಟ್ಟೆ ಹಿಡ್ಕೊಂಡು ನಕ್ಕೆ.

ಆಮೇಲೆ ನನ್ನ ಸರದಿ ಬಂತು. ಒಂದು ಬುಧವಾರ, ನಾಲ್ಕೇ ನಿಮಿಷದ ವಿಡಿಯೊ ಕಾಲ್. ಆಫೀಸಿನ ಮ್ಯಾನೇಜರ್ ಕ್ಯಾಮೆರಾ ಆಫ್ ಮಾಡ್ಕೊಂಡೇ ನನ್ನ ಕೆಲಸ ಹೋಯ್ತು ಅಂದ. ವರ್ಕ್ ಪರ್ಮಿಟ್ ನಿಂತಿರೋದು ಆ ಕೆಲಸದ ಮೇಲೆ. ಬೇಗ ಇನ್ನೊಂದು ಸಿಗದಿದ್ದರೆ ಮೂವರೂ ಈ ದೇಶ ಬಿಡಬೇಕು. ಎಷ್ಟು ಹೊತ್ತು ಆ ಕಪ್ಪು ಸ್ಕ್ರೀನ್ ನೋಡ್ತಾ ಕೂತಿದ್ದೆನೋ, ಅವನ ಮುಖ ಅಂತೂ ಕಾಣಲಿಲ್ಲ.

ಮರುದಿನ ಗುರುವಾರ. ಬೆಲ್ ಆಯ್ತು. ಮಗಳು ಗೋಡೆ ಮೇಲಿಂದ ತಾತನಿಗೆ ಆಗಲೇ ಎಲ್ಲ ವರದಿ ಒಪ್ಪಿಸಿದ್ದಳು.

“ಗೊತ್ತು ಬಿಡಿ! ಇಲ್ಲೂ ನಾನಿಲ್ಲ, ಅಷ್ಟೇ ತಾನೇ?” ಅಂತ ಕಿರುಚಿದೆ.

ತಾತ ಟೋಪಿ ತೆಗೆದರು. “ಈ ವಾರ ನೀನಿದ್ದೀಯ. ಅದನ್ನೂ ಮುಖ ನೋಡೇ ಹೇಳೋಣ ಅಂತ ಬಂದೆ.”

ಆ ಸಲ ಮಗಳ ಅನುವಾದ ಬೇಕಾಗಲಿಲ್ಲ. ನಾನು ಬಾಗಿಲು ಹಿಡ್ಕೊಂಡು, ಅವಳ ಎದುರೇ, ಅತ್ತುಬಿಟ್ಟೆ. ನನ್ನ ಅಳು ಮುಗಿಯೋವರೆಗೆ ತಾತ ಎರಡು ಮೀಟರ್ ಆಚೆ, ಟೋಪಿ ಕೈಯಲ್ಲಿ ಹಿಡ್ಕೊಂಡು, ನನ್ನ ಮುಖವನ್ನೇ ನೋಡ್ತಾ ನಿಂತಿದ್ದರು.